ಮುಂಗಡ ಹೆಬ್ಬೆಟ್ಟು

ಒಂದು ಕಾಲಕ್ಕೆ ನನ್ನ ಮೇಜಿನ ಖಾನೆಯಲ್ಲಿ ಹನ್ನೊಂದು ಜನರ ಹೆಬ್ಬೆಟ್ಟು ಇದ್ದವು. ಹಣ ಮುಟ್ಟಿದ ಪಾವತಿಗಳು, ಅಂದರೆ ರಸೀದಿಗಳು ಅವು. ‘ನನ್ನ ವಕೀಲರಿಂದ ಪರಿಹಾರದ ಪೂರ್ತಿ ಹಣ ಮುಟ್ಟಿದೆ, ತಕರಾರಿಲ್ಲ’ ಎಂದು ಮರಾಠಿಯಲ್ಲಿ ಟೈಪು ಮಾಡಿದ ಅರ್ಧ ಹಾಳೆ, ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು, ತಾರೀಖಿನ ಜಾಗ ಖಾಲಿ. ಆ ಹನ್ನೊಂದು ಜನರಲ್ಲಿ ಒಬ್ಬರಿಗೂ ಇನ್ನೂ ಹಣ ಮುಟ್ಟಿರಲಿಲ್ಲ.

ಬೇರೆ ಕಡೆಯವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಮಹಾರಾಷ್ಟ್ರದ ಗಡಿಯ ಜತ್ತದ ಕೋರ್ಟಿನಲ್ಲಿ ಕುರಿಯವರ ಕೇಸು ಹಿಡಿದವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ದೀಪಾವಳಿ ಮುಗಿಯಿತೆಂದರೆ ಮಾಡಗ್ಯಾಳ ಕಡೆಯವರು ಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಗೆ, ಕಬ್ಬು ಕಡಿದ ಹೊಲಗಳಿಗೆ ಇಳಿಯುತ್ತಾರೆ. ತಿರುಗಿ ಬರುವುದು ಜೂನಿನಲ್ಲಿ, ಮಿರಗದ ಮಳೆಗೆ. ಕೋರ್ಟು ಕುರಿಗಳ ದಾರಿ ಕಾಯುವುದಿಲ್ಲ. ಅರ್ಜಿಗೆ ಸಹಿ ಬೇಕಾದಾಗ ಕಕ್ಷಿದಾರ ಅಥಣಿಯ ಆಚೆ ಯಾವುದೋ ಹೊಲದಲ್ಲಿ ಮರಿಗಳ ನಡುವೆ ಕೂತಿರುತ್ತಾನೆ. ಹಾಗಾಗಿ ಊರು ಬಿಡುವ ಮುಂಚೆ ಬಂದು, ಬೇಕಾದ್ದಕ್ಕೆ ಬೇಡಾದ್ದಕ್ಕೆ ಎಲ್ಲದಕ್ಕೂ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು. ಪಾವತಿಗೆ ಈಗಲೇ ಒತ್ತುವುದು ಬೇಡ ಎಂದರೆ ಅವರಿಗೇ ಸಿಟ್ಟು ಬರುತ್ತಿತ್ತು, ನಮ್ಮ ಮೇಲೆ ನಂಬಿಗೆ ಇಲ್ಲವೇನು ಎಂದು. ನಂಬಬೇಕಾದವರು ಅವರು, ನಂಬಿಗೆ ಉಳಿಸಿಕೊಳ್ಳಬೇಕಾದವಳು ನಾನು. ಅದನ್ನು ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. ಒತ್ರಿ ಹಂಗಾರ, ಎಂದು ಶಾಯಿಯ ಡಬ್ಬಿ ಮುಂದೆ ತಳ್ಳುತ್ತಿದ್ದೆ.

ನಾನು ವಳಸಂಗದವಳು. ಹೊಲವೂ ಸಣ್ಣ ಕಾಳಿನ ವ್ಯಾಪಾರವೂ ಇದ್ದ ಮನೆ. ನೋಡಲು ಬಂದ ಗಂಡುಗಳನ್ನೆಲ್ಲ ಒಂದೊಂದು ಕೊಂಕು ತೆಗೆದು ವಾಪಸು ಕಳಿಸಿ, ಹಟ ಹಿಡಿದು ಸಾಂಗಲಿಯಲ್ಲಿ ಕಾಯದೆ ಓದಿ ಬಂದೆ. ಅವ್ವ ಇರುವ ತನಕ ಅಣ್ಣನ ಮನೆಗೆ ಹೋಗಿಬರುವುದಿತ್ತು. ಅವ್ವ ಹೋದ ಮೇಲೆ ಹಬ್ಬಕ್ಕೆ ಫೋನು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಜತ್ತದಲ್ಲಿ ಒಂದು ಬಾಡಿಗೆ ಕೋಣೆ. ಸಂಜೆ ರೊಟ್ಟಿ ಬಡಿದುಕೊಂಡು, ಶೇಂಗಾ ಹಿಂಡಿ ಹಚ್ಚಿಕೊಂಡು, ಟಿವಿಯಲ್ಲಿ ಮರಾಠಿ ಧಾರಾವಾಹಿ ಹಾಕಿ ಕೂಡುತ್ತಿದ್ದೆ. ಕಥೆ ಯಾವನಿಗೆ ಬೇಕು, ಮನೆಯಲ್ಲಿ ಮಂದಿಯ ದನಿ ಇರಲಿ ಅಂತ.

ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷ ತಗಡಿನ ನೆರಳಲ್ಲಿ ಒಂದು ಮೇಜು ಹಾಕಿಕೊಂಡು ಕೂತೆ. ವಕೀಲರ ಕೋಣೆಯಲ್ಲಿ ನನಗೆ ಕುರ್ಚಿ ಇರಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಇತ್ತು. ಆದರೆ ನಾನು ಒಳಗೆ ಹೋದೊಡನೆ ಮಾತು ಬೇರೆ ಕಡೆ ತಿರುಗುತ್ತಿತ್ತು, ನಗು ಅರ್ಧಕ್ಕೆ ನಿಲ್ಲುತ್ತಿತ್ತು. ನನ್ನ ನಾಲಿಗೆಯೂ ಸಣ್ಣದಲ್ಲ. ಒಬ್ಬಿಬ್ಬರಿಗೆ ಮುಖಕ್ಕೆ ಹೊಡೆದಂತೆ ಮಾತಾಡಿದ್ದೂ ಉಂಟು. ಕೊನೆಗೆ ಡಬ್ಬಿ ಬಿಚ್ಚಿ ಮೇಜಿನ ಹತ್ತಿರವೇ ಉಣ್ಣುವುದನ್ನು ರೂಢಿ ಮಾಡಿಕೊಂಡೆ.

ನನ್ನ ಕಕ್ಷಿದಾರರಲ್ಲಿ ಮಾಡಗ್ಯಾಳದ ಒಬ್ಬ ಹಿರಿಯರಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಮರ್ಯಾದೆಗೆ ಬಾಯಾರ ಎನ್ನುತ್ತಿದ್ದರು. ಎತ್ತರದ ಆಳು, ತಲೆಗೆ ರುಮಾಲು, ಹೆಗಲಿಗೆ ಕಂಬಳಿ. ಅವರ ಹೊಲದ ನಡುವೆ ಕಾಲುವೆ ಹಾದುಹೋಗಿತ್ತು. ಸರಕಾರ ಕೊಟ್ಟ ಪರಿಹಾರ ಸಾಲದೆಂದು ನಾನು ಒಂಬತ್ತು ವರ್ಷ ಬಡಿದಾಡಿದೆ. ಆ ಒಂಬತ್ತು ವರ್ಷದಲ್ಲಿ ಕಾಕಾ ಒಂದು ಸಲವೂ ‘ಯಾವಾಗ ಆಗತೈತಿ’ ಎಂದು ಕೇಳಲಿಲ್ಲ. ಬಂದವರೇ ಚಪ್ಪಲಿ ದೂರ ಬಿಟ್ಟು, ನೆಲಕ್ಕೆ ಕೂತು, ಊಟ ಆಯಿತೇ ಎಂದು ವಿಚಾರಿಸುತ್ತಿದ್ದರು. ಜತ್ತದಲ್ಲಿ ನನ್ನನ್ನು ಹಾಗೆ ಕೇಳುವವರು ಅವರೊಬ್ಬರೇ.

ಕೇಸು ಗೆದ್ದೆವು. ಎಳ್ಳ ಅಮಾವಾಸ್ಯೆಯ ಆಚೀಚೆ ಹಣ ಕೋರ್ಟಿಗೆ ಜಮೆಯಾಯಿತು. ಕಾಕಾ ಹಿಂಡಿನ ಜೊತೆ ದೂರದಲ್ಲಿದ್ದರು, ಅವರ ಬ್ಯಾಂಕಿನ ಖಾತೆ ಕಾಗದಪತ್ರ ಹೊಸದು ಮಾಡಿಸದೆ ಬಂದ್ ಆಗಿತ್ತು. ಅವರು ಹೋಗುವಾಗ ಬರೆದುಕೊಟ್ಟ ಮುಖತ್ಯಾರಪತ್ರದ ಮೇಲೆ ಚೆಕ್ಕು ನನ್ನ ಹೆಸರಿಗೆ ಬಂತು. ಕಕ್ಷಿದಾರನ ಹಣ ಬೇರೆ ಖಾತೆಯಲ್ಲಿ ಇಡಬೇಕು, ಕೂಡಲೇ ಅವನಿಗೆ ತಿಳಿಸಬೇಕು, ನಮ್ಮ ಫೀಸು ಕೂಡ ಅವನನ್ನು ಕೇಳದೆ ಮುರಿದುಕೊಳ್ಳಬಾರದು. ಇದು ವಕೀಲಿಯ ಮೊದಲನೆಯ ಪಾಠ. ಹೊಸದಾಗಿ ಬಂದ ಹುಡುಗ ವಕೀಲರಿಗೆ ನಾನೇ ಎಷ್ಟೋ ಸಲ ಒದರಿ ಹೇಳಿದ್ದೆ. ಕಾಕಾನ ಮಗನಿಗೆ ಅವತ್ತೇ ಫೋನು ಮಾಡಬೇಕಿತ್ತು. ಸಂಜೆ ಮಾಡಿದರಾಯಿತು ಎಂದುಕೊಂಡೆ.

ಅದೇ ವಾರ ಕೋರ್ಟಿನ ಎದುರಿನ ಓಣಿಯಲ್ಲಿ ಒಂದು ಅಂಗಡಿ ಕೋಣೆ ಮಾರಾಟಕ್ಕೆ ಬಂತು. ಎಂಟು ದಿನದಲ್ಲಿ ಹಣ ಕೊಟ್ಟವರಿಗೆ ಕೋಣೆ. ನಿನ್ನೆ ಮೊನ್ನೆ ಬಂದ ಒಬ್ಬ ವಕೀಲ ಅದರ ಮೇಲೆ ಕಣ್ಣಿಟ್ಟಿದ್ದ. ಅವನಿಗೆ ಮಾವನ ದುಡ್ಡಿತ್ತು. ನನಗೆ ಹೊಟ್ಟೆ ಉರಿಯಿತು, ಯಾಕೆ ಮುಚ್ಚಿಡಲಿ. ಇಪ್ಪತ್ತೆರಡು ವರ್ಷ ತಗಡಿನ ಕೆಳಗೆ ಬೆಂದವಳು ನಾನು, ಬಾಗಿಲಿರುವ ಕೋಣೆ ಅವನಿಗೇ? ನನಗೆ ಬರಬೇಕಾದ ಫೀಸು ಹತ್ತು ಕಡೆ ಬಾಕಿಯಿತ್ತು. ನಾಲ್ಕೈದು ತಿಂಗಳ ಮಾತು, ಮಿರಗಕ್ಕೆ ಮುಂಚೆ ತುಂಬಿಟ್ಟರೆ ಆಯಿತು, ಕಾಕಾನಿಗೆ ಗೊತ್ತೂ ಆಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಕಾಕಾನ ಹಣದಲ್ಲಿ ಕೋಣೆ ಕೊಂಡೆ. ಅದಕ್ಕೆ ಕಳ್ಳತನ ಎಂಬ ಹೆಸರಿಡಲು ನನಗೆ ಮುಂದೆ ಒಂದು ವರ್ಷವೇ ಹಿಡಿಯಿತು.

ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದೆ. ಹೆಸರಿನ ಫಲಕ ಹಾಕಿಸಿದೆ. ವಕೀಲರ ಕೋಣೆಗೆ ಪೇಡೆ ಹಂಚಿದೆ, ತಿಂದರು, ಶಾಬ್ಬಾಸ್ ಅಂದರು, ಒಬ್ಬರೂ ಬಂದು ನೋಡಲಿಲ್ಲ. ತಗಡಿನ ಕೆಳಗೆ ಕೂತಿದ್ದಾಗ ಹೋಗುವವರು ಬರುವವರು ಒಂದು ಮಾತಾಡಿಸಿ ಹೋಗುತ್ತಿದ್ದರು. ಮುಚ್ಚಂಡಿ ಬಸ್ಸು ಹೋಯಿತೇ ಎಂದಾದರೂ ಕೇಳುತ್ತಿದ್ದರು. ಬಾಗಿಲ ಹಿಂದೆ ಕೂತ ಮೇಲೆ ಕೆಲಸವಿಲ್ಲದೆ ಯಾರೂ ಬರಲಿಲ್ಲ, ಕೆಲಸ ಇದ್ದವರು ದಿನಕ್ಕೆ ಇಬ್ಬರೋ ಮೂವರೋ. ಫ್ಯಾನಿನ ಸಪ್ಪಳ ಕೇಳುತ್ತ ಮಧ್ಯಾಹ್ನಗಳನ್ನು ಕಳೆದೆ. ಬಾಕಿಯಿದ್ದ ಫೀಸಿನಲ್ಲಿ ಕಾಲುಭಾಗವೂ ಬರಲಿಲ್ಲ.

ಮಿರಗ ಬಂತು, ಕಾಕಾ ಬಂದರು. ಈ ಸಲ ಅವರೇ ಹಣದ ಮಾತು ತೆಗೆದರು. ಕಿರಿಯ ಮಗ ಬೇರೆಯಾಗುವವನಿದ್ದ. ಹಿರಿಯವನಿಗೆ ಕುರಿ, ಕಿರಿಯವನಿಗೆ ಕಾಲುವೆಯ ಹಣ ಎಂದು ಐದು ಜನರ ಮುಂದೆ ಮಾತಾಗಿತ್ತು. ಇನ್ನೂ ಆಗಿಲ್ಲ ಕಾಕಾ, ಎಂದೆ. ನಾಲಿಗೆ ಸ್ವಲ್ಪವೂ ತಡವರಿಸಲಿಲ್ಲ. ಹದಿನೈದು ದಿನ ಬಿಟ್ಟು ಬಂದಾಗ ಗುಮಾಸ್ತ ರಜೆಯಲ್ಲಿದ್ದಾನೆ ಎಂದೆ. ಮೂರನೆಯ ಸಲ ಸಾಹೇಬರ ಬದಲಿಯಾಗಿದೆ ಎಂದೆ. ಕಾಕಾ ಪ್ರತಿ ಸಲವೂ ಆಗಲಿ ಎಂದು ತಲೆಯಾಡಿಸಿ ಎದ್ದು ಹೋದರು. ಮನೆಯಲ್ಲಿ ಕಿರಿಯ ಮಗ ಬೇರೆಯೇ ತಿಳಿದುಕೊಂಡಿದ್ದ. ಅಪ್ಪ ಹಣ ತಂದು ಹಿರಿಯವನ ಕೈಗೆ ಕೊಟ್ಟು ನನಗೆ ಟೋಪಿ ಹಾಕುತ್ತಿದ್ದಾನೆ ಎಂದು ಮಾತು ಬಿಟ್ಟಿದ್ದನಂತೆ.

ಇದನ್ನು ಸಹಿಸದವಳು ಕಿರಿಯ ಸೊಸೆ. ಹತ್ತನೆಯ ತರಗತಿಯವರೆಗೆ ಮರಾಠಿ ಶಾಲೆ ಕಲಿತ ಹುಡುಗಿ. ಮಾವ ಅಂಥವನಲ್ಲ ಎಂದು ಗಂಡನ ಜೊತೆ ಜಗಳವಾಡಿ, ತಾನೇ ಬಸ್ಸು ಹತ್ತಿ ಕೋರ್ಟಿಗೆ ಬಂದು, ಹಣದ ಲೆಕ್ಕ ನೋಡುವ ಗುಮಾಸ್ತನನ್ನು ಕೇಳಿದಳು. ಐದು ನಿಮಿಷದ ಕೆಲಸ. ಚೆಕ್ಕು ಎಳ್ಳ ಅಮಾವಾಸ್ಯೆಗೇ ನನ್ನ ಕೈಸೇರಿದೆ ಎಂದು ಗೊತ್ತಾಯಿತು. ಅಲ್ಲಿಂದ ನೇರ ನನ್ನ ಹಸಿರು ಬಾಗಿಲಿಗೆ ಬಂದಳು. ಹೊಸ್ತಿಲು ದಾಟಲಿಲ್ಲ. ಇಬ್ಬರ ಮನೆಮಾತೂ ಕನ್ನಡವೇ, ಆದರೂ ನನ್ನ ಜೊತೆ ಮರಾಠಿಯಲ್ಲಿ ಮಾತಾಡಿದಳು. ಮಾವನ ಹೆಸರಿನಲ್ಲಿ ವಕೀಲರ ಶಿಸ್ತು ಸಮಿತಿಗೆ ದೂರು ಕೊಡುತ್ತೇನೆ, ನಿಮ್ಮ ಸನದು ತೆಗೆಸುತ್ತೇನೆ ಎಂದಳು. ತಪ್ಪಾಯಿತು ಎನ್ನಬೇಕಾದ ಹೊತ್ತು ಅದು. ಓದಿದ್ದು ಹೆಚ್ಚಾಯ್ತು ನಿನಗ, ಎಂದು ಬೈದು ಬಾಗಿಲು ಹಾಕಿಕೊಂಡೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಸನದು ಎಂದರೆ ವಕೀಲಿ ಮಾಡಲು ಸಿಕ್ಕ ಪರವಾನಿಗೆ. ಅದು ಹೋದರೆ ಕರಿ ಕೋಟು ಹೋಯಿತು, ಕೋರ್ಟು ಹೋಯಿತು, ಬೆಳಿಗ್ಗೆ ಎದ್ದು ಹೋಗಲು ಇದ್ದ ಒಂದೇ ಜಾಗ ಹೋಯಿತು. ಸಮಿತಿಯ ನೋಟೀಸು ಬಂದ ದಿನ ಎರಡು ರೊಟ್ಟಿ ಬಡಿದು ಅವನ್ನು ಹಾಗೇ ಮುಚ್ಚಿಟ್ಟು ಮಲಗಿದೆ.

ಮರುದಿನ ಮಧ್ಯಾಹ್ನ, ಕೋಣೆ ಕೊಂಡಾಗಿನಿಂದ ಒಳಗೆ ಕಾಲಿಡದ ಒಬ್ಬ ಹಿರಿಯ ವಕೀಲರು ಬಂದು ಎದುರಿಗೆ ಕೂತರು. ಸುದ್ದಿ ಎಲ್ಲ ಗೊತ್ತಿತ್ತು ಅವರಿಗೆ. ಮುಂಗಡ ಹೆಬ್ಬೆಟ್ಟಿನ ಪಾವತಿ ಇದೆಯೇ ಎಂದಷ್ಟೇ ಕೇಳಿದರು. ಇದೆ ಎಂದೆ.

“ಮತ್ತೇನು? ತಾರೀಖು ಹಾಕ್ರಿ. ಹೆಬ್ಬೆಟ್ಟು ಅವಂದಽ, ಕಾಗದ ಖರೇ. ಯಾರ್ ಏನ್ ಮಾಡ್ತಾರ?”

ಅವರು ನನ್ನ ಮೇಲಿನ ಪ್ರೀತಿಗೆ ಬಂದವರಲ್ಲ. ಅಂಥ ಪಾವತಿಗಳು ಅವರ ಖಾನೆಯಲ್ಲೂ ಇದ್ದವು, ನನ್ನ ಕೇಸು ಕೆಟ್ಟರೆ ಎಲ್ಲರ ಖಾನೆಯೂ ತೆರೆಯಬೇಕಾಗುತ್ತಿತ್ತು. ಅವರು ಹೋದ ಮೇಲೆ ಕಾಕಾನ ಪಾವತಿ ಹೊರಗೆ ತೆಗೆದೆ. ಚೆಕ್ಕು ಬಂದ ಮಾರನೆಯ ದಿನದ ತಾರೀಖು ಹಾಕಿದೆ. ಆ ದಿನ ಕಾಕಾ ಅಥಣಿಯ ಆಚೆ ಇದ್ದರು, ಆದರೆ ಅಲ್ಲಿದ್ದುದಕ್ಕೆ ಕುರಿಗಳ ಹೊರತು ಸಾಕ್ಷಿ ಯಾರು? ಹಣ ಪೂರ್ತಿ ಕೊಟ್ಟಿದ್ದೇನೆ, ಪಾವತಿ ಲಗತ್ತಿಸಿದ್ದೇನೆ ಎಂದು ಉತ್ತರ ಬರೆದು ಕಳಿಸಿದೆ.

ಅದರ ಮರುವಾರದಿಂದ ವಕೀಲರ ಕೋಣೆಯಲ್ಲಿ ನನ್ನನ್ನು ಚಹಾಕ್ಕೆ ಕರೆಯತೊಡಗಿದರು. ಬರ್ರಿ ಮ್ಯಾಡಮ್, ಕುಂದ್ರಿ ಎಂದು ಕುರ್ಚಿ ಎಳೆದು ಕೊಡುತ್ತಿದ್ದರು. ನಗು ಈಗ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ, ನಾನೂ ನಗುತ್ತಿದ್ದೆ. ನನ್ನ ಜನ್ಮದಲ್ಲಿ ಅಷ್ಟು ಜೊತೆ ಸಿಕ್ಕಿದ್ದು ಆ ಆರು ತಿಂಗಳು ಮಾತ್ರ, ಮತ್ತು ಆ ಆರು ತಿಂಗಳೂ ನಾನು ಒಂದು ಹಸೀ ಸುಳ್ಳಿನ ಮೇಲೆ ಕೂತಿದ್ದೆ. ಕೋಣೆ ಮಾರಿ ಕಾಕಾನ ಹಣ ಕೊಟ್ಟುಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತು. ಆದರೆ ಕೊಟ್ಟಾಗಿದೆ ಎಂದು ಬರೆದುಕೊಟ್ಟವಳು ಎರಡನೆಯ ಸಲ ಹೇಗೆ ಕೊಡುವುದು? ಕೊಟ್ಟರೆ ಪಾವತಿ ಸುಳ್ಳು ಎಂದಾಗುತ್ತದೆ. ನಾನು ಹಾಕಿದ ತಾರೀಖು ಆ ಹಣದ ಬಾಗಿಲಿಗೆ ಚಿಲಕ ಹಾಕಿಬಿಟ್ಟಿತ್ತು.

ಸಮಿತಿಯ ವಿಚಾರಣೆ ಮುಂಬಯಿಯಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ. ಕಾಕಾ ಮತ್ತು ಸೊಸೆ ನನಗಿಂತ ಮುಂಚೆ ಬಂದು ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದರು. ಸೊಸೆ ಮುಖ ತಿರುಗಿಸಿದಳು. ಕಾಕಾ ಎದ್ದು ನಿಂತು ಕೈಮುಗಿದರು, ನನ್ನ ಮೇಲೆ ದೂರು ಕೊಟ್ಟ ಮನುಷ್ಯ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಸೊಸೆಯದೂ ಸಾಕ್ಷಿ ಇದ್ದುದರಿಂದ ಕಾಕಾನ ಸಾಕ್ಷಿ ಮುಗಿಯುವ ತನಕ ಆಕೆಯನ್ನು ಹೊರಗೇ ಕೂರಿಸಿದರು.

ಒಳಗೆ ಉದ್ದ ಮೇಜು, ಅದರ ಹಿಂದೆ ಮೂವರು ಹಿರಿಯ ವಕೀಲರು, ಒಂದು ಮೂಲೆಗೆ ಕಂಪ್ಯೂಟರಿನ ಮುಂದೆ ಟೈಪಿಸ್ಟು. ಮರಾಠಿಯಲ್ಲಿ ಪ್ರಶ್ನೆ, ಮರಾಠಿಯಲ್ಲಿ ಉತ್ತರ. ಕಾಕಾನಿಗೆ ಸಂತೆಯ ಮರಾಠಿ ಬರುತ್ತಿತ್ತು, ಅದರಲ್ಲೇ ನಿಭಾಯಿಸಿದರು. ಹೊಲ ಎಷ್ಟು, ಕೇಸು ಎಂದಿನದು, ವಕೀಲರ ಬಳಿ ಎಷ್ಟು ಸಲ ಹೋಗಿದ್ದಿರಿ. ಕೊನೆಗೆ ಅಧ್ಯಕ್ಷರು ಆ ಪಾವತಿಯನ್ನು ಅವರ ಕೈಗೆ ಕೊಟ್ಟು, ಹೆಬ್ಬೆಟ್ಟು ನಿಮ್ಮದೇ ಎಂದು ಕೇಳಿದರು. ನನ್ನದೇ ಎಂದರು ಕಾಕಾ. ಹಾಗಾದರೆ ಹಣ ಮುಟ್ಟಿತಲ್ಲ ಎಂದು ಅಧ್ಯಕ್ಷರು ಕೇಳಿದರು.

ಕಾಕಾನಿಗೆ ಓದಲು ಬಾರದು. ಆದರೂ ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಧ್ಯಕ್ಷರ ಕಡೆ ನೋಡದೆ ನನ್ನ ಕಡೆ ತಿರುಗಿದರು. ಅಂಗಳದಲ್ಲಿ ಕೂತು ಮಾತಾಡುವ ದನಿಯಲ್ಲಿ, ನಮ್ಮ ಕನ್ನಡದಲ್ಲಿ ಕೇಳಿದರು.

“ಬಾಯಾರ, ರೊಕ್ಕ ಮುಟ್ಟೇತಿ ಅಂತ ಹೇಳ್ಲೇನ್ರಿ? ನಾಕ ಕುರಿ ಮಾರಿ ಮನ್ಯಾಗ ಹುಡುಗ್ರನ್ನ ಹೆಂಗರೆ ಸುಮ್ಮ ಕುಂದ್ರಸ್ತೀನಿ. ನನಗ ಮಂದಿ ಅದಾರ. ನೀವು ಒಬ್ಬಾಕೀನ ಇದ್ದೀರಿ, ನಿಮಗ ಹಿಂದ ಮುಂದ ಯಾರೂ ಇಲ್ಲ. ಈ ಕೋಟೂ ಹೋದ್ರ ಏನ್ ಮಾಡ್ತೀರಿ?”

ಅಧ್ಯಕ್ಷರು ಮೇಜು ಬಡಿದರು. ಸಾಕ್ಷಿ ಎದುರುವಾದಿಯ ಜೊತೆ ಮಾತಾಡುವಂತಿಲ್ಲ ಎಂದರು. ಆಮೇಲೆ ನನ್ನತ್ತ ನೋಡಿ, ಅವರು ಏನಂದರು, ಮರಾಠಿಯಲ್ಲಿ ಹೇಳಿ ಎಂದರು.

ಆ ಕೋಣೆಯಲ್ಲಿ ಕನ್ನಡ ತಿಳಿದವರು ನಾವಿಬ್ಬರೇ. ಹಣ ಮುಟ್ಟಿದೆ ಅನ್ನುತ್ತಾರೆ ಎಂದು ನಾನು ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಕಾಕಾ ಹೌದೆಂದು ತಲೆಯಾಡಿಸಲು ಕಾದೇ ನಿಂತಿದ್ದರು. ನನಗೆ ಆಗ ಬಂದದ್ದು ಪಶ್ಚಾತ್ತಾಪ ಅಂದುಕೊಳ್ಳಬೇಡಿ. ಬಂದದ್ದು ಸಿಟ್ಟು, ನೆತ್ತಿಗೇರುವ ಸಿಟ್ಟು, ಅದೂ ಕಾಕಾನ ಮೇಲೆ. ಯಾರು ಕೇಳಿದ್ದರು ಇವರ ಕನಿಕರವನ್ನು? ನನಗೆ ಯಾರೂ ಬೇಡ ಎಂದು ಇಪ್ಪತ್ತೆರಡು ವರ್ಷ ಎದೆ ಸೆಟೆಸಿ ಓಡಾಡಿದ್ದೆ, ಎಲ್ಲರೂ ಅದನ್ನು ನಂಬಿದ್ದರು, ನಾನೂ ನಂಬಿದ್ದೆ. ನೆಲಕ್ಕೆ ಕೂತು ಹೋಗುತ್ತಿದ್ದ ಈ ಮುದುಕ ಎಲ್ಲ ನೋಡಿಟ್ಟುಕೊಂಡಿದ್ದ. ಮಗನ ಕಣ್ಣಲ್ಲಿ ಕಳ್ಳನಾಗಿ ಉಳಿದರೂ ಅಡ್ಡಿಯಿಲ್ಲ, ಈ ಹೆಂಗಸು ಬೀದಿಗೆ ಬೀಳದಿರಲಿ ಎಂದು ಲೆಕ್ಕ ಹಾಕಿದ್ದ. ನಾನು ಕದ್ದದ್ದು ಅವನ ಹಣ, ಅವನು ನನ್ನ ಮೇಲೆ ಕನಿಕರಪಡುತ್ತಿದ್ದ.

ಎದ್ದು ನಿಂತೆ. ಕೋರ್ಟಿನಲ್ಲಿ ಬೇರೆಯವರ ಸಾಕ್ಷಿ ಓದುವ ಹಾಗೆ ಒಂದೊಂದೇ ಮಾತು ಮರಾಠಿಗೆ ತಿರುಗಿಸಿದೆ. ಹಣ ಮುಟ್ಟಿದೆ ಎಂದು ಹೇಳಲೇ ಎಂದು ನನ್ನನ್ನು ಕೇಳುತ್ತಿದ್ದಾರೆ ಎಂದೆ. ಕುರಿ ಮಾರುವ ಮಾತು ಹೇಳಿದೆ. ಕೊನೆಯದನ್ನು ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಅದನ್ನೂ ಹೇಳಿ, ಹಣ ಮುಟ್ಟಿಲ್ಲ, ತಾರೀಖು ಹಾಕಿದವಳು ನಾನು ಎಂದು ಸೇರಿಸಿ ಕೂತೆ. ಕಾಕಾ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಸನದು ಐದು ವರ್ಷಕ್ಕೆ ಅಮಾನತಾಯಿತು. ಕೋಣೆ ಮಾರಿ ಕಾಕಾನ ಹಣ ಬಡ್ಡಿಸಮೇತ ಅವರ ಖಾತೆಗೆ ಹಾಕಿದೆ, ಕಿರಿಯ ಮಗ ಬೇರೆ ಮನೆ ಹೂಡಿದನಂತೆ. ಉಳಿದ ಹತ್ತು ಪಾವತಿ ಹರಿದು ಹಾಕಿದೆ. ಆ ವಾರ ಇನ್ನೂ ಎಷ್ಟೋ ಖಾನೆಗಳು ಖಾಲಿಯಾದವು ಎಂದು ಕೇಳಿದ್ದೇನೆ. ಚಹಾಕ್ಕೆ ಮತ್ತೆ ಯಾರೂ ಕರೆಯಲಿಲ್ಲ. ಕಾಕಾ ಜತ್ತಕ್ಕೆ ಬರುತ್ತಾರೆ, ಬೇರೆ ವಕೀಲರ ಹತ್ತಿರ ಹೋಗುತ್ತಾರೆ. ನನ್ನ ಓಣಿಗೆ ಬರುವುದಿಲ್ಲ. ಬರಬೇಡಿ ಎಂದು ನಾನೇ ಹೇಳಿ ಕಳಿಸಿದೆ, ಆ ಸಿಟ್ಟು ಇಳಿಯಲು ನನಗೆ ಬಹಳ ದಿನ ಬೇಕಾಯಿತು. ಇಳಿದ ಮೇಲೆ ಕರೆಯಲು ಮುಖವಿರಲಿಲ್ಲ.

ಆದರೆ ಆ ದಿನ ಒಳಗೆ ಇನ್ನೊಂದು ನಡೆಯಿತು. ಟೈಪಿಸ್ಟು ನಾನು ಹೇಳಿದ ವೇಗಕ್ಕೆ ಹಿಂದೆ ಬಿದ್ದಿದ್ದ. ಸಾಕ್ಷಿಯ ಕೊನೆಯ ಮಾತು ಬಿಟ್ಟುಹೋಯಿತು ಮ್ಯಾಡಮ್, ಮತ್ತೊಮ್ಮೆ ನಿಧಾನ ಹೇಳಿ ಎಂದ. ಹೇಳಿದೆ. ಎಲ್ಲಿಗೆ ಅಲ್ಪವಿರಾಮ ಎಂದು ಕೇಳಿದ, ಅದನ್ನೂ ಹೇಳಿದೆ. ಅವನು ಬಡಿದು ಮುಗಿಸಿ ಪ್ರಿಂಟು ಹೊಡೆದ. ಆಮೇಲೆ ಹಾಳೆ ತೆಗೆದು ನನ್ನ ಮುಂದಿಟ್ಟ. ಅನುವಾದ ಮಾಡಿದವರು ಸಹಿ ಮಾಡಬೇಕಂತೆ. ‘ಇವರು ಒಬ್ಬರೇ ಇದ್ದಾರೆ, ಇವರಿಗೆ ಹಿಂದೆ ಮುಂದೆ ಯಾರೂ ಇಲ್ಲ’ ಎಂದು ಮರಾಠಿಯಲ್ಲಿ ಒಂದು ಸಾಲು, ಅದರ ಕೆಳಗೆ ‘ಮೇಲಿನದು ಸರಿಯಾಗಿದೆ’ ಎಂದು ಇನ್ನೊಂದು ಸಾಲು. ಎರಡು ಸಲ ಓದಿ ನೋಡಿದೆ, ತಿದ್ದಲು ಏನೂ ಸಿಗಲಿಲ್ಲ, ಸಹಿ ಮಾಡಿದೆ.